ಕೊನೆಯ ದೃಶ್ಯದಲ್ಲಿ ಗುಣವಾಗುವ ಮನಸ್ಸು

‘ಮನಸ್ಸಿನ ಕಾಯಿಲೆ ಮಾತಿನಿಂದ ಹೇಗೆ ವಾಸಿಯಾಗುತ್ತದೆ?’ ಈ ಪ್ರಶ್ನೆಯನ್ನು ನಿಮ್ಮ ತರಗತಿಯಲ್ಲಿ ಒಮ್ಮೆ ಕೇಳಿ ನೋಡಿ. ಬರುವ ಉತ್ತರಗಳಲ್ಲಿ ಹೆಚ್ಚಿನವು ಸಿನಿಮಾದಿಂದ ಬಂದಿರುತ್ತವೆ. ವೈದ್ಯರು ಹಳೆಯ ನೋವೊಂದನ್ನು ಪತ್ತೆ ಮಾಡುತ್ತಾರೆ. ರೋಗಿ ಕಿರುಚಿ, ಅತ್ತು, ಪ್ರಜ್ಞೆ ತಪ್ಪಿ ಬೀಳುತ್ತಾರೆ. ಕಣ್ಣು ತೆರೆದಾಗ ಕಾಯಿಲೆ ಹೋಗಿರುತ್ತದೆ. ಮಲೇರಿಯ ಹೇಗೆ ಬರುತ್ತದೆಂದು ಸರಿಯಾಗಿ ಬರೆಯುವ ವಿದ್ಯಾರ್ಥಿಯೂ ಈ ವಿಷಯದಲ್ಲಿ ಇಷ್ಟನ್ನೇ ಹೇಳುತ್ತಾನೆ. ಪಠ್ಯಪುಸ್ತಕದಲ್ಲಿ ಇದಕ್ಕೆ ಹೆಚ್ಚು ಜಾಗವಿಲ್ಲವಾದ್ದರಿಂದ ಆ ಜಾಗವನ್ನು ಕಥೆ, ಸಿನಿಮಾಗಳು ತುಂಬಿವೆ. ಆದ್ದರಿಂದ ಆ ಕಥೆಗಳನ್ನೇ ವಿಜ್ಞಾನದ ಕಣ್ಣಿನಿಂದ ಪರಿಶೀಲಿಸುವುದು ಅಗತ್ಯ. ಕಲೆಯಲ್ಲಿ ತಪ್ಪು ಹುಡುಕುವುದು ಇಲ್ಲಿನ ಉದ್ದೇಶವಲ್ಲ. ಚಿಕಿತ್ಸೆಗೆ ಹೋದವರ ನಡವಳಿಕೆ ನಿಜವಾಗಿ ಹೇಗೆ ಬದಲಾಗುತ್ತದೆ ಎಂಬುದನ್ನು ತಿಳಿಯದಿದ್ದರೆ ಅದರ ಬೆಲೆಯನ್ನು ನಮ್ಮ ಮನೆಯವರೇ ತೆರಬೇಕಾಗುತ್ತದೆ.

ಮೂರು ಕಥೆಗಳು

ಕನ್ನಡಿಗರಿಗೆ ಚೆನ್ನಾಗಿ ಪರಿಚಯವಿರುವ ಮೂರು ಚಿತ್ರಗಳನ್ನು ತೆಗೆದುಕೊಳ್ಳೋಣ. ಮೊದಲನೆಯದು 1971ರ ‘ಶರಪಂಜರ’. ತ್ರಿವೇಣಿ (1928–1963) ಅವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಚಿತ್ರ ಇದು. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕೆಡುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಗಂಡ, ನೆಂಟರು, ನೆರೆಯವರು ಅವಳನ್ನು ಅನುಮಾನದಿಂದ ನೋಡುತ್ತಾರೆ. ಕೊನೆಗೆ ಅವಳು ಮತ್ತೆ ಕಾಯಿಲೆಗೆ ಮರಳುತ್ತಾಳೆ. ಎರಡನೆಯದು ಪುಟ್ಟಣ್ಣನವರದೇ 1982ರ ‘ಮಾನಸ ಸರೋವರ’. ಮನೋವೈದ್ಯನೊಬ್ಬ ತಾನು ಗುಣಪಡಿಸಿದ ಯುವತಿಯನ್ನೇ ಪ್ರೀತಿಸುತ್ತಾನೆ. ಆಕೆ ಬೇರೊಬ್ಬನನ್ನು ಇಷ್ಟಪಟ್ಟಾಗ ತಾನೇ ಮನಸ್ಸಿನ ಸ್ಥಿಮಿತ ಕಳೆದುಕೊಳ್ಳುತ್ತಾನೆ. ಮೂರನೆಯದು 2004ರ ‘ಆಪ್ತಮಿತ್ರ’. 1993ರ ಮಲಯಾಳಂ ಚಿತ್ರವೊಂದರ ಪುನರ್ನಿರ್ಮಾಣ. ತಾನು ನಾಗವಲ್ಲಿ ಎಂದು ವರ್ತಿಸುವ ಗಂಗಾಳಿಗೆ ಮನೋವೈದ್ಯ ಒಂದು ನಾಟಕ ಹೂಡುತ್ತಾನೆ. ಸೇಡು ತೀರಿತೆಂಬ ಭ್ರಮೆ ಅವಳಲ್ಲಿ ಮೂಡಿದ ಕೂಡಲೇ ನಾಗವಲ್ಲಿ ಮಾಯವಾಗುತ್ತಾಳೆ.

ಜನಪ್ರಿಯತೆಯಲ್ಲಿ ಮೂರೂ ಗೆದ್ದಿವೆ. ಆದರೆ ವೈಜ್ಞಾನಿಕವಾಗಿ ಅವು ಒಂದೇ ಮಟ್ಟದಲ್ಲಿಲ್ಲ. ಹೆಚ್ಚು ‘ವೈದ್ಯಕೀಯ’ ಮಾತುಗಳಿರುವ ‘ಆಪ್ತಮಿತ್ರ’ವೇ ಸತ್ಯಕ್ಕೆ ಅತ್ಯಂತ ದೂರ. ಹೆಚ್ಚು ಕಣ್ಣೀರಿನ ಕಥೆ ಎನಿಸಿಕೊಂಡ ‘ಶರಪಂಜರ’ವೇ ಸತ್ಯಕ್ಕೆ ಹತ್ತಿರ. ಏಕೆ ಎಂಬುದನ್ನು ನೋಡೋಣ.

ನಂಬಿಕೆಯ ಮೂಲ

ಅದುಮಿಟ್ಟ ನೋವು ಹೊರಬಂದರೆ ಸಾಕು, ಕಾಯಿಲೆ ಹೋಗುತ್ತದೆ ಎಂಬ ಕಲ್ಪನೆ ಸಿನಿಮಾದವರು ಹುಟ್ಟಿಸಿದ್ದಲ್ಲ. ಅದರ ಮೂಲ ವೈದ್ಯಶಾಸ್ತ್ರದ ಚರಿತ್ರೆಯಲ್ಲೇ ಇದೆ. ವಿಯೆನ್ನಾದ ವೈದ್ಯ ಯೋಸೆಫ್ ಬ್ರಾಯರ್ 1880ರಿಂದ 1882ರವರೆಗೆ ಯುವತಿಯೊಬ್ಬಳಿಗೆ ಚಿಕಿತ್ಸೆ ನೀಡಿದ. ಒಂದೊಂದು ಲಕ್ಷಣವೂ ಮೊದಲು ಕಾಣಿಸಿಕೊಂಡ ಸಂದರ್ಭವನ್ನು ಅವಳು ನೆನೆದು ಹೇಳಿದಾಗ ಆ ಲಕ್ಷಣ ಮರೆಯಾಗುತ್ತಿತ್ತು ಎಂದು ಅವನ ವರದಿ. ‘ಮಾತಿನ ಚಿಕಿತ್ಸೆ’ ಎಂಬ ಹೆಸರನ್ನು ಕೊಟ್ಟವಳು ಆ ಯುವತಿಯೇ. 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಪ್ರಕಟಿಸಿದ ಪುಸ್ತಕದಲ್ಲಿ ಅವಳು ‘ಅನ್ನಾ ಓ’ ಎಂಬ ಹೆಸರಿನಿಂದ ಪ್ರಸಿದ್ಧಳಾದಳು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1972ರಲ್ಲಿ ಇತಿಹಾಸಕಾರ ಹೆನ್ರಿ ಎಲೆನ್‌ಬರ್ಗರ್ ಹಳೆಯ ಕಡತಗಳನ್ನು ಶೋಧಿಸಿದ. ಬ್ರಾಯರನ ಚಿಕಿತ್ಸೆ ಮುಗಿದ ಕೆಲವೇ ವಾರಗಳಲ್ಲಿ ಆಕೆ ಸ್ವಿಟ್ಸರ್ಲೆಂಡಿನ ಚಿಕಿತ್ಸಾಲಯವೊಂದಕ್ಕೆ ದಾಖಲಾಗಿದ್ದಳು ಎಂಬುದು ತಿಳಿಯಿತು. ಅಂದರೆ ಮೊದಲ ‘ದಿಢೀರ್ ಗುಣ’ವೇ ಪೂರ್ತಿ ಗುಣವಾಗಿರಲಿಲ್ಲ! ಬರ್ತಾ ಪಾಪೆನ್‌ಹೈಮ್ ಎಂಬ ನಿಜ ಹೆಸರಿನ ಆಕೆ ಮುಂದೆ ವರ್ಷಗಳ ಕಾಲದಲ್ಲಿ ಚೇತರಿಸಿಕೊಂಡು, ಜರ್ಮನಿಯಲ್ಲಿ ಹೆಣ್ಣುಮಕ್ಕಳ ಪರವಾಗಿ ದುಡಿದ ಹೆಸರಾಂತ ಸಮಾಜಸೇವಕಿಯಾದಳು. ಈ ದೀರ್ಘ ಚೇತರಿಕೆ ಸಿನಿಮಾಕ್ಕೆ ಒಗ್ಗುವ ವಸ್ತುವಲ್ಲ. ಒಗ್ಗಿದ್ದು ಮೊದಲ ಭಾಗ ಮಾತ್ರ.

ಕೋಣೆಯೊಳಗೆ ಏನಾಗುತ್ತದೆ?

ಚಿಕಿತ್ಸೆಯ ಕೋಣೆಯಲ್ಲಿ ನಡೆಯುವುದು ಬಹುಕಾಲ ಹೊರಗಿನವರಿಗೆ ಗೊತ್ತಾಗುತ್ತಿರಲಿಲ್ಲ. ಚಿಕಿತ್ಸಕ ನೆನಪಿನಿಂದ ಬರೆದದ್ದೇ ಪ್ರಮಾಣ. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ಸಂಭಾಷಣೆಗಳನ್ನು ಧ್ವನಿಮುದ್ರಿಸಿ, ಒಂದು ಪೂರ್ತಿ ಪ್ರಕರಣವನ್ನು ಮಾತಿಗೆ ಮಾತು ತನ್ನ 1942ರ ಪುಸ್ತಕದಲ್ಲಿ ಅಚ್ಚುಮಾಡಿದ. ವಿಜ್ಞಾನದ ದೃಷ್ಟಿಯಿಂದ ಇದು ದೊಡ್ಡ ಹೆಜ್ಜೆ. ಈಗ ಬೇರೆಯವರೂ ಅದನ್ನು ಪರೀಕ್ಷಿಸಬಹುದಿತ್ತು. ಅವನು ‘ರೋಗಿ’ ಎಂಬ ಮಾತನ್ನು ಬಿಟ್ಟು ಬಳಸಿದ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ‘ಕಕ್ಷಿದಾರ’ ಎಂದರೆ ವಕೀಲರ ನೆನಪಾಗುತ್ತದೆ. ನಮ್ಮ ಆಪ್ತಸಮಾಲೋಚಕರು ‘ಸಲಹಾರ್ಥಿ’ ಎನ್ನುತ್ತಾರೆ.

ಇಂಥ ದಾಖಲೆಗಳನ್ನು ಆಲಿಸಿದ ರೋಜರ್ಸ್ ಬದಲಾವಣೆಯನ್ನು ಏಳು ಹಂತಗಳಲ್ಲಿ ವಿವರಿಸಿದ. ಆರಂಭದಲ್ಲಿ ವ್ಯಕ್ತಿ ತನ್ನ ಬಗ್ಗೆ ಹೇಳುವುದೇ ಇಲ್ಲ. ಬೇರೆಯವರ ವಿಷಯ, ಹೊರಗಿನ ಸಂಗತಿ ಹೇಳುತ್ತಾನೆ. ಭಾವನೆಗಳು ಯಾವಾಗಲೋ ನಡೆದ ಘಟನೆಗಳಂತೆ ಮಾತಿನಲ್ಲಿ ಬರುತ್ತವೆ. ಬರಬರುತ್ತಾ ‘ನನಗೆ ಈಗ ಹೀಗನಿಸುತ್ತಿದೆ’ ಎನ್ನುತ್ತಾನೆ. ‘ಎಲ್ಲ ಅವರಿಂದಲೇ’ ಎಂಬುದು ‘ಇದರಲ್ಲಿ ನನ್ನ ಪಾಲೆಷ್ಟು?’ ಎಂಬ ಪ್ರಶ್ನೆಯಾಗುತ್ತದೆ. ಈ ಹಂತಗಳು ಮೆಟ್ಟಿಲಿನಂತೆ ಒಂದೇ ದಿಕ್ಕಿನಲ್ಲಿ ಸಾಗುವುದಿಲ್ಲ. ಒಂದು ವಾರ ಮುಂದೆ, ಇನ್ನೊಂದು ವಾರ ಹಿಂದೆ.

ಕುದೇರಿನ ಡೇರಿ ಪುಸ್ತಕ

ಇದನ್ನು ನಮ್ಮ ಹತ್ತಿರದ ಊರಿಗೆ ತಂದು ಯೋಚಿಸೋಣ. ಚಾಮರಾಜನಗರ ಜಿಲ್ಲಾ ಹಾಲು ಒಕ್ಕೂಟದ ಡೇರಿ ಇರುವ ಕುದೇರು ನಿಮಗೆ ಗೊತ್ತಿರಬಹುದು. ಅಲ್ಲಿನ ಒಬ್ಬ ಗೃಹಿಣಿಯನ್ನು ಕಲ್ಪಿಸಿಕೊಳ್ಳಿ. ಇದು ಕೇವಲ ಉದಾಹರಣೆ, ನಡೆದ ಘಟನೆಯಲ್ಲ. ಎರಡು ಹಸು ಸಾಕಿ ದಿನಕ್ಕೆರಡು ಸಲ ಸಂಘಕ್ಕೆ ಹಾಲು ಹಾಕುತ್ತಿದ್ದ ಆಕೆ ಈಚೆಗೆ ಏಳುವುದೇ ಇಲ್ಲ. ತಲೆನೋವು, ಮೈಕೈ ನೋವು, ನಿದ್ರೆಯಿಲ್ಲ. ಮನೆಯವರು ಮಾದಪ್ಪನಿಗೆ ಹರಕೆ ಹೊತ್ತಿದ್ದಾರೆ, ನೋವಿನ ಮಾತ್ರೆ ಕೊಡಿಸಿದ್ದಾರೆ. ಕೊನೆಗೆ ಜಿಲ್ಲಾಸ್ಪತ್ರೆಯಲ್ಲಿ ಖಿನ್ನತೆ ಎಂದು ಗುರುತಿಸಿ ಸಮಾಲೋಚಕಿಯ ಬಳಿ ಕಳಿಸುತ್ತಾರೆ.

ಮೊದಲ ಭೇಟಿಯಲ್ಲಿ ಮಾತನಾಡುವವಳು ಅತ್ತೆ. ಸೊಸೆ ನೆಲ ನೋಡುತ್ತಾಳೆ. ಕೇಳಿದರೆ ತಲೆನೋವಿನ ಸುದ್ದಿ. ಎರಡನೆಯ ಭೇಟಿಯಲ್ಲಿ, ‘ನೀವೇ ಒಂದ್ ದಾರಿ ಯೋಳಿ ಮೇಡಂ’ ಎನ್ನುತ್ತಾಳೆ. ಇದು ಮೊಂಡುತನವಲ್ಲ. ನಮ್ಮಲ್ಲಿ ತಿಳಿದವರ ಬಳಿ ಹೋಗುವುದೇ ಉಪದೇಶಕ್ಕಾಗಿ. ಭಾರತೀಯ ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ 1973ರಲ್ಲಿ ಗುರು–ಚೇಲಾ ಸಂಬಂಧವನ್ನೇ ನಮ್ಮ ಮನೋಚಿಕಿತ್ಸೆಗೆ ಮಾದರಿಯಾಗಿ ನೋಡಬಹುದೆಂದು ವಾದಿಸಿದ್ದು ಇದೇ ಕಾರಣಕ್ಕೆ. ಬರಿದೆ ಆಲಿಸುವ ಚಿಕಿತ್ಸಕಿ ಇಲ್ಲಿ ‘ಏನೂ ಹೇಳದವಳು’ ಎನಿಸಿಕೊಳ್ಳುವ ಅಪಾಯವಿದೆ.

ಸಮಾಲೋಚಕಿ ಒಂದು ಸಣ್ಣ ಕೆಲಸ ಕೊಡುತ್ತಾಳೆ: ಮನಸ್ಸು ಬರಲಿ ಬಿಡಲಿ, ಬೆಳಗಿನ ಹಾಲನ್ನು ಮಾತ್ರ ನೀವೇ ಡೇರಿಗೆ ಹಾಕಿ. ಇದಕ್ಕೆ ಆಧಾರವಿದೆ. ಖಿನ್ನತೆಯಲ್ಲಿ ಕೆಲಸ ಬಿಡುವುದರಿಂದ ಸಂತೋಷ ಕೊಡುವ ಸಂಗತಿಗಳು ಕಡಿಮೆಯಾಗಿ ಖಿನ್ನತೆ ಹೆಚ್ಚುತ್ತದೆ. ಅದು ಹೆಚ್ಚಿದಷ್ಟೂ ಕೆಲಸ ಇನ್ನೂ ಬಿಡುತ್ತೇವೆ. ಈ ಸುತ್ತನ್ನು ಚಟುವಟಿಕೆಯ ಕಡೆಯಿಂದ ಮುರಿಯಬಹುದು. ನೀಲ್ ಜೇಕಬ್ಸನ್ ತಂಡದ 1996ರ ಅಧ್ಯಯನದಲ್ಲಿ, ಚಟುವಟಿಕೆ ಹೆಚ್ಚಿಸುವ ಭಾಗವೊಂದೇ ಆಲೋಚನೆಗಳನ್ನು ತಿದ್ದುವ ಪೂರ್ಣ ಚಿಕಿತ್ಸೆಯಷ್ಟು ಫಲ ನೀಡಿತು.

ಮೂರನೆಯ ವಾರ ಆಕೆ ನಾಲ್ಕು ದಿನ ಹಾಲು ಹಾಕುತ್ತಾಳೆ. ನಾಲ್ಕನೆಯ ವಾರ ಒಂದೇ ದಿನ. ಐದನೆಯ ವಾರ ಭೇಟಿಗೇ ಬರುವುದಿಲ್ಲ. ಆರನೆಯ ವಾರ ಬಂದು, ಇದುವರೆಗೆ ಮಾತೇ ಆಡದವಳು ಅತ್ತೆಯ ಮೇಲೆ ಸಿಟ್ಟಿನಿಂದ ಮಾತನಾಡುತ್ತಾಳೆ, ಅಳುತ್ತಾಳೆ. ಮನೆಯವರಿಗೆ ಗಾಬರಿ: ‘ಮೊದಲು ಸುಮ್ಮನಾದರೂ ಇದ್ದಳು, ಈಗ ಎದುರು ಮಾತನಾಡುತ್ತಾಳೆ. ಈ ಮಾತಿನ ವೈದ್ಯ ಸಾಕು.’ ಅನೇಕರ ಚಿಕಿತ್ಸೆ ನಿಲ್ಲುವುದು ಇಲ್ಲಿಯೇ. ಸಿನಿಮಾ ನೋಡಿದವರಿಗೆ ಅತ್ತರೆ ಗುಣವಾಗಬೇಕು. ಆಗಲಿಲ್ಲವೆಂದರೆ ಚಿಕಿತ್ಸೆ ಸೋತಿತು. ವಾಸ್ತವದಲ್ಲಿ ಆ ಅಳು ಕೊನೆಯ ದೃಶ್ಯವಲ್ಲ, ಮಧ್ಯಂತರವೂ ಅಲ್ಲ. ಕೆಲಸ ನಡೆಯುತ್ತಿದೆ ಎಂಬುದಕ್ಕೆ ಒಂದು ಸೂಚನೆ ಇರಬಹುದು ಅಷ್ಟೆ. ಅದು ನಿಜವಾಗಿ ಹದಗೆಡುತ್ತಿರುವ ಸೂಚನೆಯೂ ಇರಬಹುದು. ಎರಡನ್ನೂ ಬೇರ್ಪಡಿಸಲು ಊಹೆ ಸಾಲದು, ಅಳತೆ ಬೇಕು.

ಆ ಅಳತೆ ಡೇರಿಯ ಪುಸ್ತಕದಲ್ಲಿದೆ! ಯಾವ ದಿನ, ಎಷ್ಟು ಲೀಟರ್, ಯಾವ ಹೊತ್ತು ಎಂಬ ಲೆಕ್ಕ ಅಲ್ಲಿರುತ್ತದೆ. ಹಾಕಿದವರು ಯಾರೆಂಬುದನ್ನೂ ಪಕ್ಕದಲ್ಲಿ ಗುರುತು ಮಾಡಿಕೊಂಡರೆ ಹತ್ತು ವಾರಗಳ ನಕ್ಷೆ ಸಿದ್ಧ. ಒಂದು ವಾರವನ್ನಷ್ಟೇ ನೋಡಿದರೆ ಏರಿಳಿತ ಮಾತ್ರ ಕಾಣುತ್ತದೆ. ಹತ್ತು ವಾರಗಳನ್ನು ಒಟ್ಟಿಗೆ ನೋಡಿದರೆ ದಿಕ್ಕು ಕಾಣುತ್ತದೆ.

ಅಂಕಿ ಅಂಶ ಏನು ಹೇಳುತ್ತವೆ?

ಈಗ ವಿಜ್ಞಾನದ ವಿದ್ಯಾರ್ಥಿ ಕೇಳಲೇಬೇಕಾದ ಪ್ರಶ್ನೆ: ಚಿಕಿತ್ಸೆ ಇಲ್ಲದಿದ್ದರೂ ಆಕೆ ಸರಿಹೋಗುತ್ತಿದ್ದಳಲ್ಲವೆ? 1952ರಲ್ಲಿ ಲಂಡನ್ನಿನ ಹಾನ್ಸ್ ಐಸೆಂಕ್ ಇದನ್ನೇ ಕೇಳಿ ಕೋಲಾಹಲ ಎಬ್ಬಿಸಿದ. ಸೌಮ್ಯ ಮನೋರೋಗಗಳಿರುವ ಮೂರರಲ್ಲಿ ಇಬ್ಬರು ಎರಡು ವರ್ಷಗಳಲ್ಲಿ ತಾವಾಗಿಯೇ ಸುಧಾರಿಸುತ್ತಾರೆ. ಮನೋಚಿಕಿತ್ಸೆ ಅದಕ್ಕಿಂತ ಹೆಚ್ಚೇನೂ ಮಾಡಿದ್ದಕ್ಕೆ ಪುರಾವೆಯಿಲ್ಲ ಎಂದ. ಅವನ ಲೆಕ್ಕದಲ್ಲಿ ದೋಷಗಳಿದ್ದವು. ಆದರೆ ಪ್ರಶ್ನೆ ಸರಿಯಾಗಿತ್ತು. ಅದರ ನಂತರ ಹೋಲಿಕೆ ಗುಂಪು ಇಟ್ಟುಕೊಂಡು ನಡೆಸಿದ ಪ್ರಯೋಗಗಳು ಹೆಚ್ಚಿದವು.

1977ರಲ್ಲಿ ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ ಅಂಥ 375 ಅಧ್ಯಯನಗಳನ್ನು ಒಟ್ಟುಗೂಡಿಸಿದರು. ಚಿಕಿತ್ಸೆ ಪಡೆದ ಸರಾಸರಿ ವ್ಯಕ್ತಿಯ ಸ್ಥಿತಿ, ಪಡೆಯದ ಶೇಕಡ 75 ಮಂದಿಗಿಂತ ಉತ್ತಮವಾಗಿತ್ತು. ಫಲ ಸಿಗದ ಅಧ್ಯಯನಗಳು ಪ್ರಕಟವಾಗುವುದು ಕಡಿಮೆಯಾದ್ದರಿಂದ ಈ ಸಂಖ್ಯೆ ತುಸು ಉಬ್ಬಿದೆ ಎಂದು ಮುಂದಿನ ವಿಶ್ಲೇಷಣೆಗಳು ತೋರಿಸಿವೆ. ಪರಿಣಾಮ ಸುಳ್ಳಲ್ಲ, ಆದರೆ ಪವಾಡವೂ ಅಲ್ಲ.

ಬದಲಾವಣೆಯ ವೇಗ ಎಷ್ಟು? ಕೆನೆತ್ ಹೊವರ್ಡ್ ಮತ್ತು ಸಂಗಡಿಗರು 1986ರಲ್ಲಿ 2,400ಕ್ಕೂ ಹೆಚ್ಚು ಮಂದಿಯ ಮಾಹಿತಿಯನ್ನು ಪರಿಶೀಲಿಸಿದರು. ಸುಮಾರು 8 ಭೇಟಿಗಳಲ್ಲಿ ಅರ್ಧದಷ್ಟು ಮಂದಿ, 26 ಭೇಟಿಗಳಲ್ಲಿ ಮುಕ್ಕಾಲು ಪಾಲು ಮಂದಿ ಅಳೆಯಬಹುದಾದಷ್ಟು ಸುಧಾರಿಸಿದ್ದರು. ಆರಂಭದಲ್ಲಿ ಬೇಗ ಏರಿ ನಂತರ ನಿಧಾನವಾಗುವ ರೇಖೆ ಇದು. ಹಾಗೆಂದು ದಿಢೀರ್ ಬದಲಾವಣೆ ಇಲ್ಲವೇ ಇಲ್ಲವೆಂದಲ್ಲ. 1999ರಲ್ಲಿ ಟ್ಯಾಂಗ್ ಮತ್ತು ಡಿರೂಬೀಸ್ ಖಿನ್ನತೆಯ ಚಿಕಿತ್ಸೆಯಲ್ಲಿ ಕೆಲವರು ಎರಡು ಭೇಟಿಗಳ ನಡುವೆ ಹಠಾತ್ತನೆ ಚೇತರಿಸುವುದನ್ನು ಗುರುತಿಸಿದರು. ಆದರೆ ಅದಕ್ಕೆ ಹಿಂದಿನ ಭೇಟಿಯಲ್ಲೇ ಅವರ ಆಲೋಚನೆಯ ಧಾಟಿ ಬದಲಾಗಿರುವುದು ಕಂಡುಬಂತು. ಹಠಾತ್ತಾಗಿ ಕಂಡದ್ದಕ್ಕೂ ಸಿದ್ಧತೆ ಇತ್ತು. ಇನ್ನೊಂದು ಮಾತನ್ನೂ ಮುಚ್ಚಿಡಬಾರದು: ಚಿಕಿತ್ಸೆಯ ಅವಧಿಯಲ್ಲಿ ಶೇಕಡ 5ರಿಂದ 10ರಷ್ಟು ಮಂದಿಯ ಸ್ಥಿತಿ ಮೊದಲಿಗಿಂತ ಕೆಡುತ್ತದೆ.

ನಮ್ಮ ದೇಶದ ಸಾಕ್ಷ್ಯವೂ ಇದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ತಂಡ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೀವ್ರ ಖಿನ್ನತೆಯಿದ್ದ ಸುಮಾರು 500 ಮಂದಿ ಇದ್ದರು. ತರಬೇತಿ ಪಡೆದ ಸಾಮಾನ್ಯ ಜನರೇ ಸಮಾಲೋಚಕರು. 6ರಿಂದ 8 ಭೇಟಿಗಳು. ಮುಖ್ಯ ಅಂಶ ಚಟುವಟಿಕೆ. ಮೂರು ತಿಂಗಳ ನಂತರ ಈ ಗುಂಪಿನಲ್ಲಿ ಶೇಕಡ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಹೋಲಿಕೆ ಗುಂಪಿನಲ್ಲಿ ಶೇಕಡ 39. ಈ ಎರಡು ಸಂಖ್ಯೆಗಳನ್ನು ಒಟ್ಟಿಗೆ ಓದಿ. 39 ಎಂಬುದು ಐಸೆಂಕನ ಪ್ರಶ್ನೆಗೆ ಸಲ್ಲುವ ಗೌರವ. ನಡುವಿನ 25 ಚಿಕಿತ್ಸೆಯ ಪಾಲು. ಉಳಿದ 36 ಮಂದಿಗೆ ಇನ್ನೂ ಬೇರೇನೋ ಬೇಕು.

‘ಶರಪಂಜರ’ ಕಂಡ ಸತ್ಯ

ಈ ಹಿನ್ನೆಲೆಯಲ್ಲಿ ಮೂರು ಚಿತ್ರಗಳಿಗೆ ಮರಳೋಣ. ಕಾವೇರಿಯ ಕಾಯಿಲೆಯನ್ನು ಹಳ್ಳಿಗಳಲ್ಲಿ ‘ಬಾಣಂತಿ ಸನ್ನಿ’ ಎನ್ನುತ್ತಾರೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣುವ ತೀವ್ರ ಸ್ಥಿತಿ ಇದು. ಇದಕ್ಕೆ ಔಷಧಿ ಮತ್ತು ಆಸ್ಪತ್ರೆಯ ಆರೈಕೆ ತುರ್ತಾಗಿ ಬೇಕು. ಬರಿಯ ಮಾತು ಸಾಲದು. ಕಾಯಿಲೆಯ ಬೇರನ್ನು ಮದುವೆಗೆ ಮುಂಚಿನ ಪ್ರಸಂಗವೊಂದಕ್ಕೆ ಗಂಟುಹಾಕುವುದು ಕಥೆಯ ದೌರ್ಬಲ್ಯ. ಹೆರಿಗೆಯ ನಂತರದ ಶರೀರದ ಬದಲಾವಣೆ, ನಿದ್ರಾಭಂಗ, ವಂಶವಾಹಿಗಳ ಪಾತ್ರ ಅಲ್ಲಿ ಮರೆಯಾಗುತ್ತದೆ.

ಆದರೆ ಕಥೆಯ ಎರಡನೆಯ ಅರ್ಧ ಬೆರಗು ಹುಟ್ಟಿಸುವಷ್ಟು ನಿಖರ. ಕಾವೇರಿ ನಕ್ಕರೆ ಹುಚ್ಚು, ಅತ್ತರೆ ಹುಚ್ಚು, ಸಿಟ್ಟಾದರೂ ಹುಚ್ಚು! ಅವಳ ನಡವಳಿಕೆ ಬದಲಾಗಿದೆ. ಅದನ್ನು ನೋಡುವ ಕಣ್ಣುಗಳು ಬದಲಾಗಿಲ್ಲ. ಇಂಗ್ಲೆಂಡಿನ ಜಾರ್ಜ್ ಬ್ರೌನ್ ತಂಡ 1972ರಲ್ಲಿ ಸ್ಕಿಜೋಫ್ರೇನಿಯದಿಂದ ಚೇತರಿಸಿ ಮನೆಗೆ ಮರಳಿದವರನ್ನು ಒಂಬತ್ತು ತಿಂಗಳು ಗಮನಿಸಿತು. ಟೀಕೆ, ಹಗೆತನ, ಅತಿಯಾದ ಮೂಗು ತೂರಿಸುವಿಕೆ ಇದ್ದ ಮನೆಗಳಲ್ಲಿ ಶೇಕಡ 58 ಮಂದಿಗೆ ಕಾಯಿಲೆ ಮರುಕಳಿಸಿತು. ಅವು ಕಡಿಮೆಯಿದ್ದ ಮನೆಗಳಲ್ಲಿ ಶೇಕಡ 16 ಮಂದಿಗೆ. ಅದು ಬೇರೆ ಕಾಯಿಲೆ ಎಂಬುದನ್ನು ನೆನಪಿಡಿ. ಆದರೂ ಮನೆಯ ವಾತಾವರಣವನ್ನು ಅಳೆಯಬಹುದೆಂದು ತೋರಿಸಿದ ಕೆಲಸ ಇದು. ಅದಕ್ಕೆ ಒಂದು ದಶಕದಷ್ಟು ಹಿಂದೆಯೇ ತ್ರಿವೇಣಿ ಇದೇ ಸಂಗತಿಯನ್ನು ಮೈಸೂರು ಸೀಮೆಯ ಮನೆಯೊಂದರೊಳಗೆ ಕಂಡಿದ್ದರು. ಮುಂದೆ 1987ರಲ್ಲಿ ಪ್ರಕಟವಾದ ಚಂಡೀಗಢದ ಅಧ್ಯಯನ, ಭಾರತೀಯ ಕುಟುಂಬಗಳಲ್ಲಿ ಇಂಥ ಟೀಕೆಯ ಪ್ರಮಾಣ ಲಂಡನ್ನಿನದಕ್ಕಿಂತ ಕಡಿಮೆ ಎಂದು ಕಂಡಿತು. ಅಂದರೆ ಕಾವೇರಿಯ ಗತಿಯೇ ನಮ್ಮೆಲ್ಲರ ಮನೆಯ ಗತಿಯಾಗಬೇಕಿಲ್ಲ.

‘ಮಾನಸ ಸರೋವರ’ ಇನ್ನೊಂದು ಸತ್ಯವನ್ನು ಮುಟ್ಟಿ, ಎಡವುತ್ತದೆ. ಚಿಕಿತ್ಸೆಯ ನಡುವೆ ವ್ಯಕ್ತಿಗೆ ಚಿಕಿತ್ಸಕರ ಮೇಲೆ ಗಾಢವಾದ ಪ್ರೀತಿ, ಭಯ, ಸಿಟ್ಟು ಮೂಡುವುದುಂಟು, ಚಿಕಿತ್ಸಕರಿಗೂ ಮೂಡುವುದುಂಟು. ಫ್ರಾಯ್ಡ್ ಇದನ್ನು ಭಾವ ವರ್ಗಾವಣೆ ಎಂದ. ಚಿತ್ರ ಇದನ್ನು ವಿಧಿಯ ಆಟವಾಗಿ ತೋರಿಸುತ್ತದೆ. ಆದರೆ ಇದು ವೃತ್ತಿಯ ಕಟ್ಟುಪಾಡಿಗೆ ಸೇರಿದ ವಿಷಯ. ತನ್ನಲ್ಲಿ ಚಿಕಿತ್ಸೆ ಪಡೆಯುತ್ತಿರುವವರೊಂದಿಗೆ ಪ್ರಣಯ ಸಂಬಂಧ ಬೆಳೆಸುವುದು ಚಿಕಿತ್ಸಕನ ತಪ್ಪು. ಎಲ್ಲೆಡೆ ವೃತ್ತಿಸಂಹಿತೆಗಳು ಅದನ್ನು ನಿಷೇಧಿಸುತ್ತವೆ. ಚಿತ್ರ ವೈದ್ಯನಿಗಾಗಿ ಮರುಗುತ್ತದೆ. ಆ ಯುವತಿ ತನ್ನ ಆಯ್ಕೆಯನ್ನು ತಾನೇ ಮಾಡಿದ್ದು ಅವಳ ಚೇತರಿಕೆಯ ಅತ್ಯುತ್ತಮ ಲಕ್ಷಣ ಎಂಬುದನ್ನು ಗಮನಿಸುವುದೇ ಇಲ್ಲ!

‘ಆಪ್ತಮಿತ್ರ’ದಲ್ಲಿ ಗಂಗಾ ಏನನ್ನೂ ಕಲಿಯುವುದಿಲ್ಲ, ಏನನ್ನೂ ಆರಿಸುವುದಿಲ್ಲ. ಎಲ್ಲವನ್ನೂ ಅವಳಿಗೆ ತಿಳಿಯದಂತೆ ಬೇರೆಯವರು ಮಾಡುತ್ತಾರೆ. ದೆವ್ವ ಬಿಡಿಸುವ ಜಾಗದಲ್ಲಿ ಮನೋವೈದ್ಯ ನಿಂತಿದ್ದಾನೆ ಅಷ್ಟೆ. ಎಡ್ವರ್ಡ್ ಬಾರ್ಡಿನ್ 1979ರಲ್ಲಿ ಹೇಳಿದಂತೆ ಚಿಕಿತ್ಸೆ ನಿಲ್ಲುವುದು ಮೂರರ ಮೇಲೆ: ಇಬ್ಬರೂ ಒಪ್ಪಿದ ಗುರಿ, ಇಬ್ಬರೂ ಒಪ್ಪಿದ ಕೆಲಸ, ಇಬ್ಬರ ನಡುವಿನ ನಂಟು. ಮೋಸದ ನಾಟಕದಲ್ಲಿ ಈ ಮೂರಕ್ಕೂ ಸ್ಥಳವಿಲ್ಲ.

ನಮ್ಮ ಬರಹಗಳ ಕೊರತೆ

ಸಿನಿಮಾವನ್ನಷ್ಟೇ ದೂರಿದರೆ ನ್ಯಾಯವಲ್ಲ. ಕನ್ನಡದಲ್ಲಿ ಮನೋವಿಜ್ಞಾನದ ಬರಹಕ್ಕೆ ಒಳ್ಳೆಯ ಪರಂಪರೆಯಿದೆ. ‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರ ‘ಮನಮಂಥನ’ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಹಳ್ಳಿಯ ಗ್ರಂಥಾಲಯಗಳನ್ನೂ ಮುಟ್ಟಿವೆ. ಆದರೂ ವಿಜ್ಞಾನ ಲೇಖಕರಾದ ನಾವು ಸಾಮಾನ್ಯವಾಗಿ ಲಕ್ಷಣಗಳ ಪಟ್ಟಿ ಕೊಟ್ಟು ‘ತಜ್ಞರನ್ನು ಕಾಣಿರಿ’ ಎಂದು ಮುಗಿಸಿಬಿಡುತ್ತೇವೆ. ಕಂಡ ಮೇಲೆ ಎರಡನೆಯ ವಾರ ಏನಾಗುತ್ತದೆ, ಆರನೆಯ ವಾರ ಏಕೆ ಬಿಟ್ಟುಬಿಡಬೇಕೆನಿಸುತ್ತದೆ ಎಂದು ಬರೆಯುವುದಿಲ್ಲ. ಓದುಗರು ಬಾಗಿಲವರೆಗೆ ಹೋಗಿ ವಾಪಸ್ಸು ಬರುವುದರಲ್ಲಿ ನಮ್ಮ ಪಾಲೂ ಇದೆ.

ಶಿಕ್ಷಕರು ಮಾಡಬಹುದಾದ ಸರಳ ಚಟುವಟಿಕೆ ಒಂದಿದೆ. ಪ್ರತಿ ವಿದ್ಯಾರ್ಥಿಯೂ ತನ್ನ ಒಂದು ಸಣ್ಣ ಅಭ್ಯಾಸವನ್ನು, ಉದಾಹರಣೆಗೆ ಬೆಳಗ್ಗೆ ಏಳುವ ಹೊತ್ತನ್ನು, ಆರು ವಾರ ಬದಲಾಯಿಸಲು ಯತ್ನಿಸಿ ದಿನವೂ ಗುರುತಿಸಲಿ. ಮೊದಲು ದಿನದ ನಕ್ಷೆ, ನಂತರ ವಾರದ ಸರಾಸರಿಯ ನಕ್ಷೆ ಬರೆಯಲಿ. ಮೊದಲನೆಯದರಲ್ಲಿ ಸೋಲುಗಳು, ಎರಡನೆಯದರಲ್ಲಿ ದಿಕ್ಕು ಕಾಣುತ್ತದೆ. ಆರೋಗ್ಯವಂತ ಮನಸ್ಸೇ ಹೀಗೆ ಹಿಂದುಮುಂದಾಗಿ ಬದಲಾಗುವಾಗ ನೊಂದ ಮನಸ್ಸಿನಿಂದ ಒಂದೇ ರಾತ್ರಿಯ ಗುಣವನ್ನು ನಿರೀಕ್ಷಿಸುವುದು ಸರಿಯೆ ಎಂದು ಆಮೇಲೆ ಕೇಳಿ.

ಸಹಾಯ ಬೇಕಾದವರಿಗೆ ದಾರಿಗಳಿವೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಜಿಲ್ಲಾಸ್ಪತ್ರೆಯಲ್ಲೂ ವಿಚಾರಿಸಬಹುದು. ಆದರೆ ಹೋಗುವವರಿಗೆ ಮೊದಲೇ ಇಷ್ಟನ್ನು ಹೇಳಿ ಕಳಿಸಿ: ಮೊದಲ ದಿನ ಏನೂ ಆಗದಿರಬಹುದು, ನಡುವೆ ಒಂದು ವಾರ ಕೆಟ್ಟದಾಗಿರಬಹುದು, ಅದನ್ನು ಬಚ್ಚಿಡದೆ ಚಿಕಿತ್ಸಕರಿಗೇ ತಿಳಿಸಿ, ಎಂಟು ಹತ್ತು ಭೇಟಿಗಳಾದರೂ ಏನೂ ಬದಲಾಗದಿದ್ದರೆ ವಿಧಾನವನ್ನು ಬದಲಿಸುವಂತೆ ಕೇಳುವ ಹಕ್ಕು ನಿಮಗಿದೆ. ಮನೆಯವರಿಗೂ ಒಂದು ಮಾತು. ಕುದೇರಿನ ಆ ಗೃಹಿಣಿ ನಾಳೆ ಬೆಳಗ್ಗೆ ಕ್ಯಾನು ಹಿಡಿದು ಡೇರಿಯ ಸಾಲಿನಲ್ಲಿ ನಿಂತಾಗ ‘ಹುಷಾರಾದೆಯಾ?’ ಎಂದು ಎಲ್ಲರೂ ಮುಖ ನೋಡುವುದು ಬೇಡ. ‘ಎಷ್ಟು ಲೀಟರಮ್ಮ?’ ಎಂದು ಕೇಳಿದರೆ ಸಾಕು.